ಕುಚ್ಚು ಕಟ್ಟುತ್ತಾ ಕೇಳಿದ ಐದು ಪುಸ್ತಕಗಳು

ಹೆಂಗಸರ ಬದುಕಿನ ಬಗ್ಗೆ ಒಂದೇ ಒಂದು ಕನ್ನಡ ಪುಸ್ತಕ ಕೊಳ್ಳಬೇಕು, ಅದೂ ನಾಲ್ಕು ಜನರ ನಡುವೆ ಕೂತು ಜೋರಾಗಿ ಓದುವುದಕ್ಕೆ ಬೇಕು ಅಂದರೆ, ಹಿಂದೆ ಮುಂದೆ ನೋಡದೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ತೆಗೆದುಕೊಳ್ಳಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬರೇ ಓದುವುದಕ್ಕೆ ಬೇಕು ಅಂದರೆ ಡಾ. ವಿಜಯಾ ಅವರ ‘ಕುದಿ ಎಸರು’. ಇವೆರಡರ ಮಧ್ಯೆ ಇನ್ನೂ ಮೂರು ಪುಸ್ತಕಗಳಿವೆ. ಐದನ್ನೂ ನಾವು ಓದಿ ಮುಗಿಸಿದ್ದೇವೆ. ಯಾವುದು ಹೇಗೆ ಅಂತ ಬರೆಯುತ್ತೇನೆ. ಕೊಳ್ಳುವವರಿಗೆ ಉಪಯೋಗ ಆಗಲಿ.

ನಾವು ಅಂದರೆ ಯಾರು ಅಂತ ಮೊದಲು ಹೇಳಬೇಕು. ಲಗ್ಗೆರೆಯಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಫಾಲ್, ಜಿಗ್‌ಜಾಗ್, ಸೆರಗಿನ ಕುಚ್ಚು, ಇಷ್ಟೇ ಕೆಲಸ. ಬೆಳಿಗ್ಗೆಯೆಲ್ಲ ಮಷಿನ್ ಸದ್ದು. ಸಂಜೆ ಮಷಿನ್ ನಿಲ್ಲಿಸಿ ಕುಚ್ಚಿಗೆ ಕೂರುತ್ತೇವೆ. ಅದು ಕೈಕೆಲಸ, ಸದ್ದಿಲ್ಲ. ಆ ಹೊತ್ತಿನಲ್ಲಿ ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಹೆಚ್ಚಾಗಿ ಓದುವವಳು ನಾನೇ. ಕೇಳುವವರಲ್ಲಿ ತುರುವೇಕೆರೆ ಕಡೆಯ ಒಬ್ಬ ಹಿರಿಯ ಅಕ್ಕ ಇದ್ದಾರೆ. ಸಿಂದಗಿ ಕಡೆಯಿಂದ ಬಂದ ಒಬ್ಬ ಹುಡುಗಿ ಇದ್ದಾಳೆ. ನಮ್ಮ ರಸ್ತೆಯಲ್ಲೇ ಮನೆ ಇರುವ ಮುಸ್ಲಿಂ ಅಕ್ಕ ಒಬ್ಬರಿದ್ದಾರೆ, ನಮ್ಮೆಲ್ಲರಿಗಿಂತ ಚಂದ ಕುಚ್ಚು ಕಟ್ಟುವವರು ಅವರೇ. ಆಗಾಗ ಪಕ್ಕದ ಮೆಸ್ಸಿನವರು ತರಕಾರಿ ಹೆಚ್ಚುತ್ತಾ ಬಂದು ಕೂರುತ್ತಾರೆ. ಮೆಸ್ಸಿನವರನ್ನು ಬಿಟ್ಟರೆ ನಾವೆಲ್ಲ ಪೀಣ್ಯ ಕಡೆಯ ಗಾರ್ಮೆಂಟ್ಸಿನಲ್ಲಿ ದುಡಿದು ಬಂದವರು.

ಕುಚ್ಚು ಎಣಿಕೆಯ ಕೆಲಸ. ಸೆರಗಿನ ತುದಿಯ ಎಳೆಗಳನ್ನು ಸಮವಾಗಿ ವಿಂಗಡಿಸಬೇಕು. ಅದಕ್ಕೆ ರೇಷ್ಮೆ ದಾರ ಸೇರಿಸಿ, ಗಂಟು ಹಾಕಿ, ಮಣಿ ಕೂರಿಸಿ, ಜರಿ ಸುತ್ತಿ, ತುದಿ ಕತ್ತರಿಸಬೇಕು. ಒಂದು ಗೊಂಚಲಿಗೆ ಎಳೆ ಜಾಸ್ತಿ ಬಿದ್ದರೆ ಇಡೀ ಸಾಲು ಸೊಟ್ಟ ಕಾಣುತ್ತದೆ. ಗಮನ ಬೇರೆ ಕಡೆ ಹೋದರೆ ಎಣಿಕೆ ತಪ್ಪುತ್ತದೆ, ಕಟ್ಟಿದ್ದನ್ನು ಬಿಚ್ಚಬೇಕಾಗುತ್ತದೆ. ಹಾಗಾಗಿ ಪುಸ್ತಕ ಹೇಗಿದೆ ಅಂತ ನಾನು ಯಾರನ್ನೂ ಕೇಳುವುದಿಲ್ಲ. ಯಾವ ಪುಟದಲ್ಲಿ ಎಷ್ಟು ಕೈ ನಿಂತಿತು ಅಂತ ನೋಡುತ್ತೇನೆ.

‘ಫಣಿಯಮ್ಮ’ದಲ್ಲಿ ಎಲ್ಲರ ಕೈಯೂ ನಿಂತಿತು. 1976ರ ಕಾದಂಬರಿ ಇದು. ಫಣಿಯಮ್ಮ ಇಂದಿರಾ ಅವರ ಬಳಗದವರೇ, ನಿಜವಾಗಿ ಬದುಕಿದ್ದವರು. ನೂರು ದಾಟಿ ಬಾಳಿ 1952ರಲ್ಲಿ ತೀರಿಕೊಂಡರು. ಗಂಡ ಅಂದರೆ ಏನು ಅಂತ ತಿಳಿಯುವ ಮೊದಲೇ ವಿಧವೆ. ಮೈನೆರೆದ ಕೂಡಲೇ ತಲೆ ಬೋಳಿಸುತ್ತಾರೆ. ಆಮೇಲೆ ಒಂದೇ ಹೊತ್ತಿನ ಊಟ, ಜೀವನವಿಡೀ ಇನ್ನೊಬ್ಬರ ಮನೆಯ ಚಾಕರಿ. ತನ್ನ ಕಥೆಯನ್ನು ಫಣಿಯಮ್ಮ ಹೇಳಿಕೊಂಡದ್ದು ಇಂದಿರಾ ಅವರ ತಾಯಿಯ ಹತ್ತಿರ. ತಾಯಿ ಅದನ್ನು ಮಗಳಿಗೆ ಹೇಳಿದರು. ಮಗಳು ನಮಗೆ ಹೇಳಿದರು. ಓದುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ವಾಕ್ಯಗಳು ಬಾಯಲ್ಲಿ ಸರಾಗವಾಗಿ ಬರುತ್ತವೆ, ಎಲ್ಲೂ ಉಸಿರು ಕಟ್ಟುವುದಿಲ್ಲ. ಯಾವ ಸಾಲನ್ನೂ ನಾನು ಎರಡು ಸಲ ಓದಿ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಮಡಿಯ ಕಟ್ಟಳೆಗಳನ್ನು ಮಾತ್ರ ಸಿಂದಗಿಯ ಹುಡುಗಿ ನಿಲ್ಲಿಸಿ ನಿಲ್ಲಿಸಿ ಕೇಳಿದಳು. ಮುಟ್ಟಿದರೆ ಏನಾಗುತ್ತಿತ್ತು, ಒದ್ದೆ ಬಟ್ಟೆ ಯಾಕೆ, ಅಷ್ಟು ಕೆಲಸ ಮಾಡುವವಳಿಗೆ ಊಟ ಒಂದೇ ಹೊತ್ತು ಯಾಕೆ? ನನಗೆ ತಿಳಿದಷ್ಟು ಹೇಳಿದೆ. ಕೊನೆಯ ಪ್ರಶ್ನೆಗೆ ಉತ್ತರ ಇರಲಿಲ್ಲ.

ತಲೆ ಬೋಳಿಸುವ ಪುಟಗಳಲ್ಲಿ ಅಳು ಬರುತ್ತದೆ ಅಂತ ನಾನು ಮೊದಲೇ ಅಂದುಕೊಂಡಿದ್ದೆ, ಬಂತು ಕೂಡ. ಆದರೆ ಕೈ ನಿಂತದ್ದು ಬೇರೆ ಕಡೆ. ಕೆಳಜಾತಿಯ ಹೆಂಗಸೊಬ್ಬಳಿಗೆ ಹೆರಿಗೆ ಕಷ್ಟವಾಗುತ್ತದೆ. ಮಡಿ ಹೆಂಗಸಾದ ಫಣಿಯಮ್ಮ ಹೋಗಿ ಮಗುವನ್ನು ಹೊರಗೆ ತರುತ್ತಾಳೆ. ಅಲ್ಲಿ ತುರುವೇಕೆರೆ ಅಕ್ಕ ಸೂಜಿ ಕೆಳಗಿಟ್ಟರು. ಅವರ ಅಜ್ಜಿ ಸೂಲಗಿತ್ತಿಯಂತೆ. ಹೆರಿಗೆಗೆ ಕರೆಯುತ್ತಿದ್ದ ಮನೆಯವರೇ ಅದು ಮುಗಿದ ಮೇಲೆ ಅಜ್ಜಿಯನ್ನು ಹಿತ್ತಲ ಬಾಗಿಲಿಂದ ಕಳಿಸುತ್ತಿದ್ದರಂತೆ. ಅವತ್ತು ಓದು ಅಲ್ಲಿಗೇ ನಿಂತಿತು, ಅಜ್ಜಿಯ ಕಥೆ ಕೇಳುವುದರಲ್ಲೇ ಕತ್ತಲಾಯಿತು.

ಈ ಪುಸ್ತಕದ ಬಗ್ಗೆ ನನಗೊಂದು ತಕರಾರಿದೆ. ಫಣಿಯಮ್ಮನ ತಾಳ್ಮೆಯನ್ನು ಇಂದಿರಾ ಬಹಳ ಮೆಚ್ಚುತ್ತಾರೆ. ಕೆಲವು ಕಡೆ ಆ ಮೆಚ್ಚುಗೆ ಜಾಸ್ತಿಯಾಯಿತು ಅನ್ನಿಸುತ್ತದೆ. “ಇಷ್ಟು ಸಹಿಸಿಕೊಂಡಿದ್ದಕ್ಕೇ ದೇವರು ಮಾಡಿಬಿಡ್ತಾರೆ, ಇಲ್ಲದಿದ್ರೆ ಮಾಡ್ತಿದ್ರಾ?” ಅಂತ ಮೆಸ್ಸಿನವರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಕೊನೆಯ ಭಾಗದಲ್ಲಿ ದಾಕ್ಷಾಯಣಿ ಬರುತ್ತಾಳೆ. ಚಿಕ್ಕ ವಯಸ್ಸಿನ ವಿಧವೆ. ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ಹಟ ಹಿಡಿಯುತ್ತಾಳೆ. ಅವಳ ಪರವಾಗಿ ಮಾತಾಡುವವಳು ಬೇರೆ ಯಾರೂ ಅಲ್ಲ, ಆ ಕಷ್ಟವನ್ನೆಲ್ಲ ಬಾಯಿ ಬಿಡದೆ ಉಂಡ ಫಣಿಯಮ್ಮನೇ. ಆ ಭಾಗ ಓದಿದ ಮೇಲೆ ಮೆಸ್ಸಿನವರೂ ಒಪ್ಪಿದರು. ಇಂದಿರಾ ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಹುಟ್ಟಿದ್ದು 1917, ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ವಯಸ್ಸಿನ ಲೆಕ್ಕ ನೀವೇ ಹಾಕಿ. ನಲವತ್ತೈದು ದಾಟಿದ ಮೇಲೆ ಇನ್ನೇನು ಕಲಿಯೋದು ಅನ್ನುವ ಹೆಂಗಸರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಪ್ರೇಮಾ ಕಾರಂತರು ಈ ಕಾದಂಬರಿಯನ್ನು ಸಿನಿಮಾ ಮಾಡಿದ್ದಾರೆ, ಅದೂ ಒಳ್ಳೆಯದು. ಆದರೆ ಪುಸ್ತಕ ಮೊದಲು ಓದಿ.

ಎರಡನೆಯದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ತೆಳ್ಳಗಿನ ಪುಸ್ತಕ. ಧಾರಾವಾಹಿ ಆಗಿದ್ದರಿಂದಲೋ ಏನೋ, ಸಂಜೆಗೊಂದು ತುಂಡು ಓದುವುದಕ್ಕೆ ಬಹಳ ಹೊಂದುತ್ತದೆ. ನಾದಿರಾ ಅನ್ನುವ ಹುಡುಗಿಗೆ ರಶೀದ್ ಜೊತೆ ಮದುವೆ ಆಗುತ್ತದೆ. ಒಳ್ಳೆಯ ಗಂಡ, ಒಂದು ಮಗು. ಆದರೆ ಅವಳ ಅಪ್ಪನಿಗೂ ರಶೀದನಿಗೂ ದುಡ್ಡಿನ ವಿಷಯಕ್ಕೆ ಜಗಳ ಬೀಳುತ್ತದೆ. ಅಪ್ಪನ ಹಟ ಮಗಳ ತಲಾಖ್‌ವರೆಗೂ ಹೋಗುತ್ತದೆ. ಆಮೇಲೆ ಗಂಡ ಹೆಂಡತಿ ಮತ್ತೆ ಒಂದಾಗಬೇಕು ಅಂದರೆ ಅವಳು ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಬರಬೇಕು ಅನ್ನುತ್ತಾರೆ. ಕೊನೆ ಏನಾಗುತ್ತದೆ ಅಂತ ಹೇಳುವುದಿಲ್ಲ.

ಇದನ್ನು ಓದುವ ಮೊದಲು ನನಗೆ ಸ್ವಲ್ಪ ಅಳುಕಿತ್ತು. ನಮ್ಮ ಜೊತೆ ಕೂರುವ ಅಕ್ಕನಿಗೆ ಬೇಸರ ಆದರೆ? ಅವರನ್ನೇ ಕೇಳಿದೆ. “ಬರೆದೋರೂ ನಮ್ಮೋರೇ ಅಲ್ವಾ, ಓದಿ” ಅಂದರು. ಇಡೀ ಪುಸ್ತಕದಲ್ಲಿ ಅವರ ಸಿಟ್ಟೆಲ್ಲ ನಾದಿರಾಳ ಅಪ್ಪನ ಮೇಲೆ. ಮನೆಯಲ್ಲಿ ಹೆಂಡತಿಯ ಮಾತಿಗೆ ಕಿವಿಗೊಡದ, ಮಗಳ ಸಂಸಾರವನ್ನು ತನ್ನ ಮರ್ಯಾದೆಯ ವಿಷಯ ಮಾಡಿಕೊಂಡ ಅಪ್ಪ. ಇಂಥ ಅಪ್ಪ ಯಾವ ಜಾತಿಯಲ್ಲಿಲ್ಲ ಅಂತ ತುರುವೇಕೆರೆ ಅಕ್ಕ ಕೇಳಿದರು. ಒಂದೇ ಉಸಿರಿನಲ್ಲಿ ಹೇಳುವ ತಲಾಖನ್ನು 2017ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತಲ್ಲ, ಈಗ ಈ ಕಾದಂಬರಿ ಹಳೆಯದಾಯಿತಾ ಅಂತ ಒಂದು ಮಾತು ಬಂತು. ನನಗೆ ಹಾಗೆ ಅನ್ನಿಸಲಿಲ್ಲ. ನಾದಿರಾಳನ್ನು ಯಾರೂ ಏನನ್ನೂ ಕೇಳುವುದೇ ಇಲ್ಲ, ಕಥೆಯ ನೋವು ಇರುವುದು ಅಲ್ಲಿ. ಕೋರ್ಟು ಅದನ್ನು ಸರಿಮಾಡಲಾರದು. ಸಾರಾ ಅವರು ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, ಮುಸ್ಲಿಂ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪ ಆಗಿದ್ದ ಕಾಲದಲ್ಲಿ ಕನ್ನಡದಲ್ಲಿ ಓದಿದವರು. 2023ರ ಜನವರಿಯಲ್ಲಿ ತೀರಿಕೊಂಡರು. ಅವರು ಇರುವಾಗಲೇ ಇದನ್ನು ಓದಿ ಒಂದು ಕಾಗದ ಬರೆದಿದ್ದರೆ ಚೆನ್ನಾಗಿತ್ತು ಅಂತ ನಮ್ಮ ಅಕ್ಕ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ.

ಬಾನು ಮುಷ್ತಾಕ್ ಅವರ ಕಥೆಗಳಿಗೆ ಬಂದದ್ದು, ಬೇರೆ ಎಲ್ಲರ ಹಾಗೆ, ಬೂಕರ್ ಸುದ್ದಿ ಕೇಳಿ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳ ‘ಹಾರ್ಟ್ ಲ್ಯಾಂಪ್’ ಅದು. ಕನ್ನಡದ ಪುಸ್ತಕವೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಬ್ಲೌಸ್ ಅಳತೆ ಕೊಡಲು ಬಂದವರೂ ಆ ವಾರ ಅದೇ ಮಾತಾಡುತ್ತಿದ್ದರು. ಇಂಗ್ಲಿಷಿನದು ನಮಗೆ ಬೇಡ, ಮೂಲವೇ ನಮ್ಮ ಭಾಷೆಯಲ್ಲಿ ಇದೆಯಲ್ಲ. ‘ಹಸೀನಾ ಮತ್ತು ಇತರ ಕಥೆಗಳು’ ತಂದೆ.

ಇದನ್ನು ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ. ಒಟ್ಟಿಗೆ ಓದಬೇಡಿ. ವಾರಕ್ಕೊಂದು ಕಥೆ ಸಾಕು. ಒಂದಾದ ಮೇಲೊಂದು ಓದಿದರೆ ಎಲ್ಲ ಗಂಡಂದಿರೂ ಒಬ್ಬನೇ ಅನ್ನಿಸಲು ಶುರುವಾಗುತ್ತದೆ. ಕಥೆಗೆ ಅದರಿಂದ ಅನ್ಯಾಯ. ಬಿಡಿಬಿಡಿಯಾಗಿ ಓದಿದರೆ ಪ್ರತಿ ಮನೆಯೂ ಬೇರೆ ಬೇರೆಯಾಗಿ ಕಾಣುತ್ತದೆ. ಬಾನು ಅವರು ಹಾಸನದಲ್ಲಿ ವಕೀಲರು, ಬಂಡಾಯ ಸಾಹಿತ್ಯ ಚಳವಳಿಯ ಕಾಲದಿಂದ ಬರೆದವರು. ಅಹವಾಲು ಹಿಡಿದು ಬಂದ ಹೆಂಗಸರ ಮಾತನ್ನು ಕೂತು ಕೇಳಿದವರ ಬರವಣಿಗೆ ಇದು. ಯಾರು ಯಾರಿಗೆ ಏನು ಹೇಳಿದರು, ಎಷ್ಟು ಮಕ್ಕಳು, ದುಡ್ಡು ಯಾರ ಕೈಯಲ್ಲಿತ್ತು, ಎಲ್ಲ ಸ್ಪಷ್ಟವಾಗಿ ಇರುತ್ತದೆ.

‘ಕರಿ ನಾಗರಗಳು’ ಕಥೆಯನ್ನು ನಾವು ಎರಡು ಸಲ ಓದಿದೆವು. ಗಿರೀಶ್ ಕಾಸರವಳ್ಳಿ ಅವರ ‘ಹಸೀನಾ’ ಸಿನಿಮಾ ಇದೇ ಕಥೆಯಿಂದ ಬಂದದ್ದು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಸಿನಿಮಾ. ಮೂರು ಹೆಣ್ಣುಮಕ್ಕಳನ್ನು ಹೆತ್ತಳು ಅಂತ ಗಂಡ ಬಿಟ್ಟುಹೋದ ಆಶ್ರಫ್ ನ್ಯಾಯ ಕೇಳಿಕೊಂಡು ಮಸೀದಿಯ ಉಸ್ತುವಾರಿ ನೋಡುವ ಮುತವಲ್ಲಿಯ ಹತ್ತಿರ ಹೋಗುತ್ತಾಳೆ. ಅಂಗಳದಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಾಳೆ. ಅಲ್ಲಿ ಕೈ ನಿಂತವು. ಸಿಂದಗಿಯ ಹುಡುಗಿಗೂ ಎರಡು ಹೆಣ್ಣುಮಕ್ಕಳು. ಅವಳು ಏನೂ ಮಾತಾಡಲಿಲ್ಲ, ಕಟ್ಟಿದ್ದ ಗೊಂಚಲನ್ನು ಬಿಚ್ಚಿ ಮತ್ತೆ ಕಟ್ಟಿದಳು. ಮುತವಲ್ಲಿ ರಸ್ತೆಯಲ್ಲಿ ಬರುವಾಗ ಹೆಂಗಸರೆಲ್ಲ ಶಾಪ ಹಾಕುವ ಭಾಗ ಬಂದಾಗ ಮಾತ್ರ ನಮ್ಮ ಅಂಗಡಿಯಲ್ಲೂ ಗಲಾಟೆ ಎದ್ದಿತು. ಬರೆದದ್ದಕ್ಕಿಂತ ಜಾಸ್ತಿ ಬೈಗುಳವನ್ನು ಇವರು ಸೇರಿಸಿದರು! ಕೊನೆಯಲ್ಲಿ ಮುತವಲ್ಲಿಯ ಹೆಂಡತಿ ಅಮೀನಾ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳಲು ತಾನೇ ಹೊರಟುಬಿಡುತ್ತಾಳೆ. ಭಾಷಣ ಇಲ್ಲ, ಘೋಷಣೆ ಇಲ್ಲ. ಗಂಡ ಊರಿಗೆಲ್ಲ ತೀರ್ಪು ಕೊಡುವವನು, ಹೆಂಡತಿ ತನ್ನ ಮೈಯ ತೀರ್ಪನ್ನು ತಾನು ಕೊಟ್ಟುಕೊಂಡಳು. ಇಷ್ಟು ಗಟ್ಟಿಯಾದ ಕೊನೆಯನ್ನು ನಾನು ಬೇರೆ ಕಡೆ ಓದಿಲ್ಲ.

ಕಥೆಗಳಲ್ಲಿ ಉರ್ದು ಪದಗಳು ಬರುತ್ತವೆ. ಅಲ್ಲೆಲ್ಲ ನಮ್ಮ ಅಕ್ಕನೇ ಮೇಷ್ಟ್ರು. ಹಬ್ಬದ ಅಡುಗೆ, ಮನೆಯ ಪದ್ಧತಿ, ಎಲ್ಲವನ್ನೂ ಬಿಡಿಸಿ ಹೇಳಿದರು. ವರ್ಷಗಳಿಂದ ಪಕ್ಕದಲ್ಲಿ ಕೂತು ಕುಚ್ಚು ಕಟ್ಟಿದ್ದೇವೆ, ಅವರ ಮನೆಯ ವಿಷಯ ಇಷ್ಟು ಮಾತಾಡಿದ್ದು ಈ ಪುಸ್ತಕ ಬಂದ ಮೇಲೆಯೇ. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕಥೆಯನ್ನು ಅವರೇ ಓದಿದರು. ಹೆಣ್ಣೊಬ್ಬಳು ದೇವರನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡುವ ಕಥೆ. ಅದು ನಿಧಾನವಾಗಿ, ಹೆಂಗಸಿನ ದನಿಯಲ್ಲಿಯೇ ಕೇಳಬೇಕಾದದ್ದು.

ಇನ್ನು ‘ಬದುಕು ಬಯಲು’. ಎ. ರೇವತಿ ಅವರ ಆತ್ಮಕಥೆ. ಅವರು ತಮಿಳಿನಲ್ಲಿ ಬರೆದದ್ದು ವಿ. ಗೀತಾ ಅವರ ಅನುವಾದದಲ್ಲಿ 2010ರಲ್ಲಿ ಇಂಗ್ಲಿಷಿನಲ್ಲಿ ಬಂತು. ಕನ್ನಡಕ್ಕೆ ತಂದವರು ನಮ್ಮ ಬೆಂಗಳೂರಿನವರೇ ಆದ ದು. ಸರಸ್ವತಿ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಿದವರ ಕಥೆಯನ್ನು ಹೆಂಗಸರ ಪುಸ್ತಕಗಳ ಜೊತೆ ಯಾಕೆ ಸೇರಿಸಿದಿರಿ ಅಂತ ಒಬ್ಬರು ಗಿರಾಕಿ ನನ್ನನ್ನು ಕೇಳಿದರು. ಪುಸ್ತಕವನ್ನೇ ಅವರ ಕೈಗೆ ಕೊಟ್ಟೆ. ಓದಿ ವಾಪಸ್ ತಂದು, ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ತಮಿಳುನಾಡಿನ ನಾಮಕ್ಕಲ್ ಕಡೆಯ ಹಳ್ಳಿ. ಅಣ್ಣಂದಿರ ಹೊಡೆತ. ಮನೆ ಬಿಟ್ಟು ದೆಹಲಿ, ಮುಂಬೈ. ಆಮೇಲೆ ಬೆಂಗಳೂರಿನ ಹಮಾಮ್. ಹಮಾಮ್ ಅಂದರೆ ಹಿಜ್ರಾಗಳು ನಡೆಸುತ್ತಿದ್ದ ಬಿಸಿನೀರಿನ ಸ್ನಾನದ ಮನೆ. ಈ ಊರಿನಲ್ಲೇ ಅಂಥದ್ದು ಇತ್ತು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ರೇವತಿ ಏನನ್ನೂ ಮುಚ್ಚಿಡುವುದಿಲ್ಲ. ಲೈಂಗಿಕ ಕೆಲಸ, ಪೊಲೀಸರ ಕಾಟ, ರೌಡಿಗಳ ಕಾಟ ಎಲ್ಲ ಇದೆ. ಕೆಲವು ಪುಟಗಳನ್ನು ಜೋರಾಗಿ ಓದುವುದು ಕಷ್ಟ. ಮಕ್ಕಳು ಟ್ಯೂಷನ್ ಮುಗಿಸಿ ಅಂಗಡಿಗೆ ಬರುವ ಹೊತ್ತಾದರೆ ನಾವು ಪುಸ್ತಕ ಮುಚ್ಚುತ್ತಿದ್ದೆವು. ಕೊಳ್ಳುವವರು ಇದನ್ನು ತಿಳಿದುಕೊಂಡಿರಲಿ.

ನಮ್ಮವರಿಗೆ ಬಹಳ ಹಿಡಿಸಿದ್ದು ಅವರು ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗೆ ದುಡಿಯುವ ‘ಸಂಗಮ’ ಸಂಸ್ಥೆಯಲ್ಲಿ ತಿಂಗಳ ಸಂಬಳದ ಕೆಲಸಕ್ಕೆ ಸೇರುವ ಭಾಗ. ಆಫೀಸಿನ ಸಣ್ಣ ಕೆಲಸದಿಂದ ಶುರು ಮಾಡಿ ಅದೇ ಸಂಸ್ಥೆಯ ನಿರ್ದೇಶಕಿ ಆದರು. ನಮಗೆಲ್ಲ ಮೊದಲ ಸಂಬಳದ ದಿನ ನೆನಪಿದೆ. ಅವತ್ತು ಓದು ನಿಲ್ಲಿಸಿ ಎಲ್ಲರೂ ತಮ್ಮ ತಮ್ಮ ಮೊದಲ ಸಂಬಳದಲ್ಲಿ ಏನು ತಂದೆವು ಅಂತ ಹೇಳಿಕೊಂಡೆವು. ಒಬ್ಬರು ಅಮ್ಮನಿಗೆ ಚಪ್ಪಲಿ, ಒಬ್ಬರು ಕುಕ್ಕರ್, ಒಬ್ಬರು ಗಂಡನ ಸಾಲದ ಬಡ್ಡಿ. ಸಂಬಳದ ಕೆಲಸ ಅಂದರೆ ಒಬ್ಬ ಮನುಷ್ಯಳಿಗೆ ಏನು ಅಂತ ಈ ಐದರಲ್ಲಿ ಇಷ್ಟು ಚೆನ್ನಾಗಿ ಹೇಳಿದ ಪುಸ್ತಕ ಇನ್ನೊಂದಿಲ್ಲ. ಸರಸ್ವತಿ ಅವರ ಕನ್ನಡವೂ ಹಾಗೆಯೇ ಇದೆ. ರಂಗದ ಮೇಲೆ ಮಾತಾಡಿ ಅಭ್ಯಾಸ ಇರುವವರು, ಹಾಗಾಗಿ ಅನುವಾದ ಅಂತ ಅನ್ನಿಸುವುದೇ ಇಲ್ಲ. ರೇವತಿ ಎದುರಿಗೆ ಕೂತು ಹೇಳಿದಂತಿದೆ.

‘ಕುದಿ ಎಸರು’ ಮಾತ್ರ ನಮ್ಮ ಸಂಜೆಗಳಿಗೆ ಹೊಂದಲಿಲ್ಲ. ಅದು ಪುಸ್ತಕದ ಕೊರತೆಯಲ್ಲ. ಡಾ. ವಿಜಯಾ ಅವರನ್ನು ನಾವು ಪತ್ರಕರ್ತೆ ಅಂತ, ಬೀದಿ ನಾಟಕ ಆಡಿಸಿದವರು ಅಂತ, ‘ಇಳಾ’ ಪ್ರಕಾಶನ ಕಟ್ಟಿದವರು ಅಂತ ಕೇಳಿದ್ದೇವೆ. ಗಟ್ಟಿ ಹೆಂಗಸು. ಆ ಗಟ್ಟಿ ಹೆಂಗಸು ಬಾಲ್ಯದಲ್ಲಿ, ಮದುವೆಯಲ್ಲಿ, ನಾಲ್ಕು ಗೋಡೆಯೊಳಗೆ ಏನೇನು ಉಂಡರು ಅಂತ ಈ ಆತ್ಮಕಥೆಯಲ್ಲಿ ಬರೆದಿದ್ದಾರೆ. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೆ ಬಂತು. ಮೊದಲ ಅಧ್ಯಾಯಗಳನ್ನು ಓದಲು ಕೂತೆವು. ಸ್ವಲ್ಪ ಹೊತ್ತಿಗೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹೊಡೆತ ತಿಂದ ಮನೆಯಿಂದ ಬಂದವರು ನಮ್ಮಲ್ಲೂ ಇದ್ದಾರೆ. ಇನ್ನೊಬ್ಬರ ಎದುರಿಗೆ ಅದನ್ನು ಕೇಳುವುದು ಬೇರೆ, ಒಬ್ಬರೇ ಓದುವುದು ಬೇರೆ. ತುರುವೇಕೆರೆ ಅಕ್ಕನೇ ಹೇಳಿದರು: “ಇದನ್ನ ಮನೆಗೆ ಕೊಡು, ನಾನು ಓದ್ಕೋತೀನಿ.” ಆಮೇಲೆ ಪುಸ್ತಕ ಒಬ್ಬರ ಮನೆಯಿಂದ ಒಬ್ಬರ ಮನೆಗೆ ಹೋಯಿತು. ಅಕ್ಕಿ ಡಬ್ಬದ ಹಿಂದೆ ಇಟ್ಟು ಓದಿದವರೂ ಇದ್ದಾರೆ.

ನನಗೆ ಇದರಲ್ಲಿ ಹೆಚ್ಚು ಮೆಚ್ಚುಗೆಯಾದದ್ದು ವಿಜಯಾ ಅವರು ಕರುಣೆ ಕೇಳದಿರುವುದು. ನನ್ನನ್ನು ನೋಡಿ ಅಯ್ಯೋ ಅನ್ನಿ ಅಂತ ಎಲ್ಲೂ ಕೈ ಚಾಚುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಇಡುತ್ತಾರೆ. ಮನೆಯವರ ಹೆಸರು ಕೆಡುತ್ತದೆ ಅಂತ ನಮ್ಮ ಕಡೆ ಹೆಂಗಸರು ಸಾಯುವ ತನಕ ಬಾಯಿ ಮುಚ್ಚಿಕೊಂಡಿರುತ್ತಾರೆ. ಇವರು ಬದುಕಿದ್ದಾಗಲೇ, ತಮ್ಮದೇ ಹೆಸರಿನಲ್ಲಿ, ಅಚ್ಚು ಹಾಕಿಸಿದರು. ಬೀದಿಯಲ್ಲಿ ನಿಂತು ನಾಟಕ ಆಡುವುದಕ್ಕಿಂತ ಇದಕ್ಕೆ ಹೆಚ್ಚು ಧೈರ್ಯ ಬೇಕಿತ್ತು ಅಂತ ನಾನು ನಂಬುತ್ತೇನೆ. ಕೊಳ್ಳಿ. ಆದರೆ ಮನಸ್ಸು ಸ್ವಲ್ಪ ಗಟ್ಟಿ ಇರುವ ದಿನಗಳಲ್ಲಿ ಓದಿ. ಈಗಲೂ ಅಂಥ ಮನೆಯಲ್ಲೇ ಇರುವ ಗೆಳತಿಗೆ ಕೊಡುವುದಾದರೆ ಸುಮ್ನೆ ಕೊಟ್ಟು ಬರಬೇಡಿ, ಜೊತೆಗೆ ನೀವೂ ಇರಿ.

ಈ ಐದನ್ನೂ ಓದಿದ ಮೇಲೆ ನಮಗೆ ಬೇಕಾಗಿದ್ದ ಆರನೆಯ ಪುಸ್ತಕ ನನಗೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅದು ನಮ್ಮದೇ ಪುಸ್ತಕ. 2016ರ 18 ಮತ್ತು 19ನೇ ಏಪ್ರಿಲ್ ಬೆಂಗಳೂರಿನಲ್ಲಿ ಇದ್ದವರಿಗೆ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಐವತ್ತೆಂಟರ ತನಕ ಗಾರ್ಮೆಂಟ್ಸಿನಲ್ಲಿ ಬೆನ್ನು ಬಗ್ಗಿಸಿ ಕೂರುವವರು ಎಷ್ಟು ಜನ? ಕೆಲಸ ಬಿಟ್ಟಾಗ ಕೈಗೆ ಬರುವ ಆ ದುಡ್ಡಿನಲ್ಲೇ ನಮ್ಮ ಸಾಲ ತೀರಬೇಕು, ಮಗಳ ಫೀಸು ಕಟ್ಟಬೇಕು. ಮೊದಲು ಹೊಸೂರು ರಸ್ತೆಯಲ್ಲಿ, ಮಾರನೇ ದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆಯಲ್ಲಿ ಹೆಂಗಸರು ಮಷಿನ್ ಬಿಟ್ಟು ಎದ್ದು ಬಂದರು. ದೊಡ್ಡ ಮುಖಂಡರು ಯಾರೂ ಕರೆದಿರಲಿಲ್ಲ. ಒಂದು ಲೈನಿನಿಂದ ಇನ್ನೊಂದು ಲೈನಿಗೆ ಮಾತು ಹೋಯಿತು, ಒಂದು ಫ್ಯಾಕ್ಟರಿ ಗೇಟಿನಿಂದ ಇನ್ನೊಂದಕ್ಕೆ ಹೋಯಿತು. ನಾನೂ ಇದ್ದೆ. ನಮ್ಮ ಸೂಪರ್‌ವೈಸರ್ ಗೇಟ್ ಹಾಕಿಸಿದ್ದರು, ಆದರೂ ಹೊರಗೆ ಬಂದೆವು. ಲಾಠಿ ಬಿತ್ತು, ಬಸ್ಸುಗಳಿಗೆ ಬೆಂಕಿ ಬಿತ್ತು. 19ರ ಸಂಜೆಗೆ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು.

ದೆಹಲಿಯ ಒಂದು ಆದೇಶವನ್ನು ಎರಡೇ ದಿನದಲ್ಲಿ ತಿರುಗಿಸಿದ ಹೆಂಗಸರು ಇದೇ ಊರಿನಲ್ಲಿ ಇನ್ನೂ ಕಾಲರ್, ಕಫ್ ಹೊಲಿಯುತ್ತಿದ್ದಾರೆ. ಅವರ ಬಾಯಿಂದಲೇ ಬಂದ ಕನ್ನಡ ಪುಸ್ತಕ ನನಗೆ ಬೇಕು. ವರದಿ ಬೇಡ, ನಮ್ಮ ಪರವಾಗಿ ಬೇರೆಯವರು ಬರೆದ ಭಾಷಣ ಬೇಡ. ಟಾರ್ಗೆಟ್ ಹೇಗೆ ಏರಿಸುತ್ತಿದ್ದರು, ಬಾತ್‌ರೂಮಿಗೆ ಹೋಗಲು ಯಾರನ್ನು ಕೇಳಬೇಕಿತ್ತು, ಮಗುವಿಗೆ ಜ್ವರ ಬಂದ ದಿನ ಹಾಜರಿ ಹೇಗೆ ಉಳಿಸಿಕೊಂಡೆವು, ಅವತ್ತು ಗೇಟಿನಿಂದ ಹೊರಗೆ ಬಂದಾಗ ಮೊದಲು ಯಾರು ಎದ್ದರು. ಇದನ್ನೆಲ್ಲ ಬರೆಯುವುದಕ್ಕೆ ನಮಗೆ ಪುರುಸೊತ್ತಿಲ್ಲ ಅನ್ನುವುದು ನಿಜ. ಆದರೆ ಹೇಳುವುದಕ್ಕೆ ಪುರುಸೊತ್ತಿದೆ, ಕೈ ಕೆಲಸ ಮಾಡುತ್ತಿರುವಾಗಲೇ ಹೇಳಬಹುದು. ‘ಫಣಿಯಮ್ಮ’ ಹುಟ್ಟಿದ್ದೂ ಹಾಗೆ ಹೇಳಿದ್ದರಿಂದಲೇ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಅವರ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’ ಕೂಡ ಅವರು ಹೇಳಿ, ಅರುಣ್ ಜೋಳದಕೂಡ್ಲಿಗಿ ಬರೆದುಕೊಂಡದ್ದು. ಪ್ರಕಾಶಕರು ಒಬ್ಬರು ಬರೆದುಕೊಳ್ಳುವವರನ್ನು ಗೊತ್ತು ಮಾಡಿ ಪೀಣ್ಯಕ್ಕೋ ಬೊಮ್ಮನಹಳ್ಳಿಗೋ ಕಳಿಸಲಿ. ಭಾನುವಾರ ಬಂದರೆ ನಮ್ಮ ಅಂಗಡಿಯಲ್ಲೇ ಕೂರಬಹುದು.

ಇನ್ನೂ ಒಂದು ಬೇಡಿಕೆ ಇದೆ. ಚಾಮರಾಜಪೇಟೆಯ ಮಕ್ಕಳ ಕೂಟದ ಸ್ಟಾಪಿನಲ್ಲಿ ದಿನಾ ಸಾವಿರಾರು ಜನ ಬಸ್ಸಿಂದ ಇಳಿಯುತ್ತಾರೆ. ಆ ಮಕ್ಕಳ ಕೂಟ ಕಟ್ಟಿದವರು ಆರ್. ಕಲ್ಯಾಣಮ್ಮ. ಬಾಲವಿಧವೆ. ‘ಸರಸ್ವತಿ’ ಅನ್ನುವ ಹೆಂಗಸರ ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿದವರು. ಅವರ ಬಗ್ಗೆ, ಅವರಿಗಿಂತ ಮೊದಲೇ ಪುಸ್ತಕ, ಪತ್ರಿಕೆ ಹೊರತಂದ ನಂಜನಗೂಡು ತಿರುಮಲಾಂಬ ಅವರ ಬಗ್ಗೆ, ದೊಡ್ಡ ಅಕ್ಷರದಲ್ಲಿ, ಸುಲಭ ಕನ್ನಡದಲ್ಲಿ, ನಮ್ಮಂಥವರು ಕೊಳ್ಳುವ ಬೆಲೆಯಲ್ಲಿ ಒಂದು ಪುಸ್ತಕ ಬರಬೇಕು.

ಅಕ್ಷರದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಐದರಲ್ಲಿ ಎರಡು ಪುಸ್ತಕಗಳ ಅಕ್ಷರ ಟ್ಯೂಬ್‌ಲೈಟ್ ಬೆಳಕಿನಲ್ಲಿ ಓದಲು ತೀರಾ ಸಣ್ಣದು. ಹಿರಿಯ ಅಕ್ಕ ಕನ್ನಡಕ ಹಾಕಿದರೂ ಓದಲಾಗಲಿಲ್ಲ. ಒಂದರ ಹೊಲಿಗೆ ಎರಡೇ ಮನೆ ಸುತ್ತುವಷ್ಟರಲ್ಲಿ ಬಿಚ್ಚಿಕೊಂಡಿತು, ನಾನೇ ದಪ್ಪ ದಾರದಲ್ಲಿ ಮತ್ತೆ ಹೊಲಿದೆ. ಹತ್ತು ಕೈ ದಾಟುವ ಪುಸ್ತಕ ಇದು ಅಂತ ಅಚ್ಚು ಹಾಕುವವರಿಗೆ ಗೊತ್ತಿರಬೇಕು.

ಕೊಳ್ಳುವುದು ಎಲ್ಲಿ ಅಂದರೆ, ನಾನು ಪೀಣ್ಯದಿಂದ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ಗಾಂಧಿ ಬಜಾರಿನ ಅಂಕಿತ ಪುಸ್ತಕಕ್ಕೆ ಹೋಗುತ್ತೇನೆ. ಸಮಯ ಇದ್ದರೆ ಬಸ್ಸೇ ಮೇಲು, 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಉಳಿದ ದುಡ್ಡು ಪುಸ್ತಕಕ್ಕೆ ಆಯಿತು. ಮೆಜೆಸ್ಟಿಕ್ ಕಡೆ ಹೋದವರಿಗೆ ಗಾಂಧಿನಗರದಲ್ಲಿ ಸಪ್ನ ಇದೆ. ಬೆಲೆ ಪ್ರತಿಯಿಂದ ಪ್ರತಿಗೆ ಬದಲಾಗುತ್ತದೆ. ನಾನು ಕೊಂಡ ‘ಫಣಿಯಮ್ಮ’ ಮತ್ತು ‘ಚಂದ್ರಗಿರಿಯ ತೀರದಲ್ಲಿ’ ಎರಡೂ ಒಂದೊಂದು ಲೈನಿಂಗ್ ಬ್ಲೌಸಿನ ಹೊಲಿಗೆ ಕೂಲಿಗಿಂತ ಕಡಿಮೆಗೆ ಸಿಕ್ಕವು. ‘ಕುದಿ ಎಸರು’ ದಪ್ಪ ಪುಸ್ತಕ, ಬೆಲೆಯೂ ಜಾಸ್ತಿ. ನಾಲ್ಕು ಜನ ಸೇರಿ ಕೊಳ್ಳಿ.

ಓದುವ ಕ್ರಮ ಕೇಳಿದರೆ ಮೊದಲು ‘ಫಣಿಯಮ್ಮ’, ಆಮೇಲೆ ಸಾರಾ ಅವರದು. ಬಾನು ಅವರ ಕಥೆಗಳನ್ನು ಮಧ್ಯೆ ಮಧ್ಯೆ ಇಟ್ಟುಕೊಳ್ಳಿ. ಜೊತೆ ಕೂತವರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬಂದ ಮೇಲೆ ‘ಬದುಕು ಬಯಲು’. ನಮ್ಮಲ್ಲಿ ಮುಂದಿನದು ಮಂಜಮ್ಮ ಜೋಗತಿ ಅವರದು, ಪುಸ್ತಕ ತಂದಿಟ್ಟಾಗಿದೆ. ಮದುವೆ ಸೀರೆಗಳ ಆರ್ಡರ್ ಮುಗಿದ ಕೂಡಲೇ ಶುರು ಮಾಡುತ್ತೇವೆ. ಈ ಸಲ ಓದುವವಳು ಸಿಂದಗಿಯ ಹುಡುಗಿ.